ಟ್ರಾನ್ಸ್‌ಫಾರ್ಮರ್ ಎಣ್ಣೆಯ ಡಿಜಿಎ ವರದಿ ಓದುವುದು ಹೇಗೆ: ಮೊದಲು ಮಾದರಿ, ಆಮೇಲೆ ಏರಿಕೆ, ಕೊನೆಗೆ ಅನುಪಾತ

ಡಿಜಿಎ (ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆ) ವರದಿ ಕೈಗೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ನೇರವಾಗಿ ಅಸಿಟಿಲೀನ್ ಸಾಲಿಗೆ ಹೋಗುತ್ತದೆ. ಅಲ್ಲಿ ಸೊನ್ನೆ ಇದ್ದರೆ ಹಾಳೆ ಫೈಲಿಗೆ, ಇರದಿದ್ದರೆ ಫೋನು ಮೇಲಧಿಕಾರಿಗೆ. ಎರಡೂ ಅವಸರವೇ. ಅಸಿಟಿಲೀನ್ ಸೊನ್ನೆ ಇದ್ದೂ ಒಳಗೆ ಬೋಲ್ಟ್ ಸಡಿಲಾಗಿ ಕಾಯುತ್ತಿರಬಹುದು. 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಪಾಲು) ಇದ್ದೂ ಅದು ಪಕ್ಕದ ಟ್ಯಾಪ್ ಚೇಂಜರಿನಿಂದ (ವೋಲ್ಟೇಜ್ ಹೊಂದಿಸುವ ಸ್ವಿಚ್ಚಿನಿಂದ) ಸೋರಿ ಬಂದದ್ದಾಗಿರಬಹುದು. ವರದಿಗೆ ಮೂರು ಪ್ರಶ್ನೆ ಹಾಕಬೇಕು, ಅದೂ ಇದೇ ಕ್ರಮದಲ್ಲಿ: ಈ ಮಾದರಿಯನ್ನು ನಂಬಬಹುದೇ? ಅನಿಲ ಏರುತ್ತಿದೆಯೇ? ಏರುತ್ತಿದ್ದರೆ ಯಾವ ದೋಷದಿಂದ? ಅನುಪಾತದ ಲೆಕ್ಕ ಮೂರನೆಯ ಪ್ರಶ್ನೆಗೆ ಮಾತ್ರ. ಅದನ್ನೇ ಮೊದಲು ಹಾಕಿ ಕೂತರೆ ಇಲ್ಲದ ದೋಷವೂ ಕಾಣುತ್ತದೆ.

ಯಾವುದಕ್ಕೆ, ಯಾವಾಗ

ಹೊಲದ ಬದುವಿನಲ್ಲಿ ಪಂಪ್‌ಸೆಟ್‌ಗೆ ನಿಂತ 25 ಅಥವಾ 63 ಕೆವಿಎ ಟಿಸಿಗೆ ಈ ಪರೀಕ್ಷೆ ಬೇಡ, ಖರ್ಚು ಗಿಟ್ಟುವುದಿಲ್ಲ. 33 ಮತ್ತು 110 ಕೆವಿ ಉಪಕೇಂದ್ರಗಳ ಪವರ್ ಟ್ರಾನ್ಸ್‌ಫಾರ್ಮರ್, ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕದವು, ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳವು, ಬೆಳಗಾವಿಯ ಫೌಂಡ್ರಿಗಳಲ್ಲಿ ಇಂಡಕ್ಷನ್ ಫರ್ನೇಸಿಗೆ ಕೊಟ್ಟವು, ವಿಜಯಪುರ ಬಯಲಿನ ಗಾಳಿ ವಿದ್ಯುತ್ ಪೂಲಿಂಗ್ ಕೇಂದ್ರಗಳವು: ಇವಕ್ಕೆ ಬೇಕು. ಒಂದು ನಿಂತರೆ ಇಡೀ ಕೆಲಸ ನಿಲ್ಲುತ್ತದೆ ಎನ್ನುವ ಯಾವುದಕ್ಕೂ ಬೇಕು.

ಸಕ್ಕರೆ ಕಾರ್ಖಾನೆಯವರಿಗೆ ಕಾಲ ತಾನಾಗಿಯೇ ಗೊತ್ತಾಗುತ್ತದೆ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುಂಚೆ ಒಂದು ಮಾದರಿ, ಪೂರ್ತಿ ಲೋಡ್ ಬಿದ್ದು ಎರಡು ತಿಂಗಳಾದಾಗ ಒಂದು, ಹಂಗಾಮು ಮುಗಿದ ಮೇಲೆ ಒಂದು. ನಡುವಿನದೇ ಮುಖ್ಯ, ಅದನ್ನೇ ಎಲ್ಲರೂ ಬಿಡುತ್ತಾರೆ. ಮಳೆಗಾಲದಲ್ಲಿ ಖಾಲಿ ನಿಂತ ಟ್ರಾನ್ಸ್‌ಫಾರ್ಮರಿನಲ್ಲಿ ಲೋಡಿಗೆ ಸಂಬಂಧಿಸಿದ ದೋಷ ಅನಿಲ ಹುಟ್ಟಿಸುವುದಿಲ್ಲ, ಆಗ ತೆಗೆದ ಮಾದರಿ ಸುಳ್ಳು ಸಮಾಧಾನ ಕೊಡುತ್ತದೆ. ಉಳಿದವರಿಗೆ ವರ್ಷಕ್ಕೊಮ್ಮೆ ಸಾಕು. ಬಿಸಿಲು ಏರಿ ಲೋಡೂ ಏರಿರುವ ಏಪ್ರಿಲ್‌ನಲ್ಲಿ ತೆಗೆದರೆ ಒಳ್ಳೆಯದು. ಹೊಸ ಟ್ರಾನ್ಸ್‌ಫಾರ್ಮರ್ ಆದರೆ ಚಾರ್ಜ್ ಮಾಡುವ ಮೊದಲು, ಮಾರನೆಯ ದಿನ, ವಾರಕ್ಕೆ, ತಿಂಗಳಿಗೆ, ಆರು ತಿಂಗಳಿಗೆ. ಮುಂದಿನ ಇಪ್ಪತ್ತೈದು ವರ್ಷ ನೀವು ಹೋಲಿಸಿ ನೋಡುವುದು ಈ ಮೊದಲ ಅಂಕಿಗಳೊಂದಿಗೇ.

ಮಾದರಿ ತೆಗೆಯುವುದು

ವರದಿ ಕೆಡುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಿ ಅಲ್ಲ, ಡ್ರೇನ್ ವಾಲ್ವಿನ ಬುಡದಲ್ಲಿ. ನಮ್ಮ ದೇಶದಲ್ಲಿ ಮಾದರಿ ತೆಗೆಯುವುದಕ್ಕೆ ಐಎಸ್ 9434, ಫಲಿತಾಂಶ ಅರ್ಥೈಸುವುದಕ್ಕೆ ಐಎಸ್ 10593 ಇವೆ.

ಬೇಕಾದದ್ದು: ಮೂರು ದಾರಿಯ ಸ್ಟಾಪ್‌ಕಾಕ್ ಇರುವ 50 ಮಿಲಿ ಗಾಜಿನ ಸಿರಿಂಜ್ ಎರಡು, ಎಣ್ಣೆಗೆ ಕರಗದ ಪಾರದರ್ಶಕ ಗಿಡ್ಡ ಟ್ಯೂಬ್, ವಾಲ್ವಿಗೆ ಕೂಡುವ ಅಡಾಪ್ಟರ್, ನೂಲು ಬಿಡದ ಬಟ್ಟೆ, ಬಕೆಟ್. ನೀರಿನ ಬಾಟಲಿಯಲ್ಲಿ ಎಣ್ಣೆ ತುಂಬಿ ಕಳಿಸುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಹೈಡ್ರೋಜನ್ ಪ್ಲಾಸ್ಟಿಕ್ಕಿನ ಮೂಲಕವೇ ತಪ್ಪಿಸಿಕೊಂಡು ಹೋಗುತ್ತದೆ, ಮುಚ್ಚಳದ ಕೆಳಗಿನ ಗಾಳಿ ಎಣ್ಣೆಗೆ ಸೇರುತ್ತದೆ. ಹಾಗೆ ಕಳಿಸುವುದಕ್ಕಿಂತ ಕಳಿಸದಿರುವುದೇ ಮೇಲು.

ಮೊದಲು ಕನ್ಸರ್ವೇಟರಿನ (ಟ್ಯಾಂಕಿನ ಮೇಲಿರುವ ಎಣ್ಣೆ ಡಬ್ಬಿಯ) ಎಣ್ಣೆ ಮಟ್ಟ ನೋಡಿ. ವಾಲ್ವಿನ ಹತ್ತಿರ ಒತ್ತಡ ಹೊರಮುಖವಾಗಿ ಇದೆ ಎಂದು ಖಾತ್ರಿಯಾಗದೆ ತೆರೆಯಬೇಡಿ. ಮಟ್ಟ ಇಳಿದಿದ್ದರೆ, ಇಲ್ಲವೇ ಸೀಲ್ ಮಾಡಿದ ಟ್ಯಾಂಕ್ ತಣ್ಣಗಾಗಿ ಒಳಗೆ ನಿರ್ವಾತ ಹುಟ್ಟಿದ್ದರೆ, ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಚಾಲೂ ಇರುವ ಟ್ರಾನ್ಸ್‌ಫಾರ್ಮರಿನಲ್ಲಿ ಆ ಗುಳ್ಳೆ ವೈಂಡಿಂಗ್ (ತಂತಿ ಸುರುಳಿ) ತನಕ ಹೋದರೆ ಪರೀಕ್ಷೆಯೇ ಅಪಘಾತವಾದೀತು.

ವಾಲ್ವಿನ ಬಾಯಿಯ ಧೂಳು ಒರೆಸಿ. ಪೈಪಿನಲ್ಲಿ ನಿಂತ ಹಳೆಯ ಎಣ್ಣೆ ಒಂದೆರಡು ಲೀಟರ್ ಬಕೆಟ್ಟಿಗೆ ಬಿಡಿ. ಆಮೇಲೆ ಟ್ಯೂಬ್ ಜೋಡಿಸಿ, ಅದರಲ್ಲಿ ಗುಳ್ಳೆ ಕಾಣದಾಗುವವರೆಗೆ ಹರಿಸಿ, ಸಿರಿಂಜಿಗೆ ದಾರಿ ಕೊಡಿ. ಪ್ಲಂಜರ್ ಎಳೆಯಬಾರದು. ಎಣ್ಣೆಯ ಒತ್ತಡವೇ ಅದನ್ನು ಹಿಂದಕ್ಕೆ ತಳ್ಳಬೇಕು. ಎಳೆದರೆ ಕರಗಿದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಮೊದಲ ಭರ್ತಿಯಲ್ಲಿ ಸಿರಿಂಜ್ ತೊಳೆದು ಚೆಲ್ಲಿ, ಎರಡನೆಯದನ್ನು ಇಟ್ಟುಕೊಳ್ಳಿ. ಕಂಠಮಟ್ಟ ತುಂಬಬೇಡಿ, ಎಣ್ಣೆ ಹಿಗ್ಗಿ ಕುಗ್ಗುವಾಗ ಪ್ಲಂಜರ್ ಸರಿದಾಡಲು ಜಾಗ ಬೇಕು. ಮುಚ್ಚಿದ ಮೇಲೆ ಎಣ್ಣೆ ತಣಿದು ಸಣ್ಣ ಗುಳ್ಳೆ ಕಂಡರೆ ಅದನ್ನು ಹೊರಹಾಕಬೇಡಿ, ಅದು ಈ ಎಣ್ಣೆಯದೇ ಅನಿಲ.

ಬೆಳಕು ತಾಗದಂತೆ ಕಪ್ಪು ಕಾಗದ ಅಥವಾ ಫಾಯಿಲ್ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ. ಬೇಸಿಗೆಯಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗುವಂತಿಲ್ಲ. ಪಾರ್ಸೆಲ್ ಮಾಡಿ ಬೆಂಗಳೂರಿಗೋ ಬೇರೆಡೆಗೋ ಕಳಿಸುವುದಾದರೆ ಅದೇ ದಿನ ಕಳಿಸಿ, ಒಂದು ವಾರದೊಳಗೆ ಪರೀಕ್ಷೆ ಮುಗಿಯಲಿ. ಚೀಟಿಯ ಮೇಲೆ ಸೀರಿಯಲ್ ನಂಬರ್, ತಾರೀಖು, ಯಾವ ವಾಲ್ವ್, ಎಣ್ಣೆಯ ತಾಪಮಾನ, ಆ ಹೊತ್ತಿನ ಲೋಡ್, ಹಿಂದೆ ಫಿಲ್ಟರೇಶನ್ (ಎಣ್ಣೆ ಶುದ್ಧೀಕರಣ) ಆದ ದಿನ ಬರೆಯಿರಿ. ಕೊನೆಯದನ್ನು ಬರೆಯದಿದ್ದರೆ ವರದಿ ಓದುವವನ ಕಣ್ಣು ಕಟ್ಟಿದ ಹಾಗೆ.

ಅನಿಲ ಎಲ್ಲಿಂದ ಬರುತ್ತದೆ

ಎಣ್ಣೆ ಕಾದಾಗ ಅದರ ಅಣು ಮುರಿಯುತ್ತದೆ. ಎಷ್ಟು ಬಿಸಿಯೋ ಅದಕ್ಕೆ ತಕ್ಕ ಅನಿಲ. ಕಡಿಮೆ ಬಿಸಿಯಲ್ಲಿ ಹೈಡ್ರೋಜನ್, ಮೀಥೇನ್, ಈಥೇನ್; 300 ಡಿಗ್ರಿ ದಾಟಿದಂತೆ ಎಥಿಲೀನ್ ಜೋರಾಗುತ್ತದೆ; 700 ಡಿಗ್ರಿ ಆಚೆಗೆ, ಮುಖ್ಯವಾಗಿ ಕಿಡಿ ಹಾರುವಲ್ಲಿ, ಅಸಿಟಿಲೀನ್. ವೈಂಡಿಂಗಿಗೆ ಸುತ್ತಿದ ಕಾಗದ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಡೈಆಕ್ಸೈಡ್. ಸಾರ ಇಷ್ಟೇ. ಹೈಡ್ರೋಜನ್ ಮಾತ್ರ ಎಲ್ಲ ದೋಷದಲ್ಲೂ ಹಾಜರಿ ಹಾಕುತ್ತದೆ, ಹಾಗಾಗಿ ಅದು ಎಚ್ಚರಿಕೆ ಗಂಟೆಯೇ ಹೊರತು ವಿಳಾಸ ಹೇಳುವುದಿಲ್ಲ.

ಮೊದಲ ಪ್ರಶ್ನೆ: ವರದಿ ನಂಬಬಹುದೇ

ಯಾರೂ ನೋಡದ ಎರಡು ಸಾಲು ಮೊದಲು ನೋಡಿ: ಆಕ್ಸಿಜನ್, ನೈಟ್ರೋಜನ್. ಗಾಳಿಯನ್ನು ಪೂರ್ತಿ ಹೀರಿಕೊಂಡ ಎಣ್ಣೆಯಲ್ಲಿ ಆಕ್ಸಿಜನ್ ಸುಮಾರು 30,000, ನೈಟ್ರೋಜನ್ ಅದರ ಎರಡರಷ್ಟು ಪಿಪಿಎಂ ಇರುತ್ತದೆ, ಅನುಪಾತ 0.5ರ ಹತ್ತಿರ. ಸಿಲಿಕಾ ಜೆಲ್ ಬ್ರೀದರ್ (ಒಳಹೋಗುವ ಗಾಳಿಯ ತೇವ ಹೀರುವ ಡಬ್ಬಿ) ಮಾತ್ರ ಇರುವ ಸಾದಾ ಕನ್ಸರ್ವೇಟರಿಗೆ ಇದು ಸಹಜ. ಆದರೆ ರಬ್ಬರ್ ಚೀಲವಿರುವ ಕನ್ಸರ್ವೇಟರಿನಿಂದ ಬಂದ ಎಣ್ಣೆಯಲ್ಲೂ ಇದೇ ಅಂಕಿ ಬಂದರೆ, ಒಂದೋ ಸಿರಿಂಜಿಗೆ ಗಾಳಿ ಹೊಕ್ಕಿದೆ, ಇಲ್ಲವೇ ಚೀಲ ಹರಿದಿದೆ. ಇನ್ನೊಂದು ಮಾದರಿ ತೆಗೆದರೆ ಯಾವುದೆಂದು ತಿಳಿಯುತ್ತದೆ. 0.3ಕ್ಕಿಂತ ಕೆಳಗಿದ್ದರೆ ಒಳಗೆ ಆಕ್ಸಿಜನ್ ಖರ್ಚಾಗುತ್ತಿದೆ.

ಪ್ರಯೋಗಾಲಯದ ಅಂಕಿಗೂ ಅಂಚು ಇದೆ. ಸಾಧಾರಣ ಮಟ್ಟದಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆ ತಪ್ಪಲ್ಲ, ಗುರುತಿಸಬಹುದಾದ ಕನಿಷ್ಠ ಮಟ್ಟದ ಹತ್ತಿರ ಇನ್ನೂ ಹೆಚ್ಚು. ಆದ್ದರಿಂದ ಎಥಿಲೀನ್ 40 ಇದ್ದದ್ದು 45 ಆಯಿತೆಂದು ನಿದ್ದೆಗೆಡಬೇಕಾಗಿಲ್ಲ. ಪ್ರತಿ ಸಲ ಒಂದೇ ಪ್ರಯೋಗಾಲಯಕ್ಕೆ ಕಳಿಸಿ. ಒಂದು ವರ್ಷ ಒಂದು ಕಡೆ, ಮರುವರ್ಷ ಅಗ್ಗವೆಂದು ಇನ್ನೊಂದು ಕಡೆ ಕೊಟ್ಟರೆ ಕಾಣುವ ಏರಿಕೆ ಯಂತ್ರದ್ದೋ ಪ್ರಯೋಗಾಲಯದ್ದೋ ಹೇಳಲಾಗದು.

ಎರಡನೆಯ ಪ್ರಶ್ನೆ: ಏರುತ್ತಿದೆಯೇ

ಅಂತರರಾಷ್ಟ್ರೀಯ ಮಾನದಂಡ ಐಇಸಿ 60599 ಕೊಡುವ ಸಾಮಾನ್ಯ ಮಟ್ಟಗಳು, ಅಂದರೆ ನೂರರಲ್ಲಿ ತೊಂಬತ್ತು ಟ್ರಾನ್ಸ್‌ಫಾರ್ಮರುಗಳು ದಾಟದ ಮಟ್ಟಗಳು, ಪಿಪಿಎಂನಲ್ಲಿ ಹೀಗಿವೆ: ಹೈಡ್ರೋಜನ್ 50–150, ಮೀಥೇನ್ 30–130, ಈಥೇನ್ 20–90, ಎಥಿಲೀನ್ 60–280, ಕಾರ್ಬನ್ ಮಾನಾಕ್ಸೈಡ್ 400–600, ಡೈಆಕ್ಸೈಡ್ 3,800–14,000. ಅಸಿಟಿಲೀನ್ 2–20, ಟ್ಯಾಪ್ ಚೇಂಜರಿನ ಎಣ್ಣೆ ಮುಖ್ಯ ಟ್ಯಾಂಕಿನ ಜೊತೆ ಸಂಪರ್ಕದಲ್ಲಿದ್ದರೆ 60–280. ಇವು ಅಪಾಯದ ಗೆರೆಗಳಲ್ಲ. ದಾಟಿದವೆಲ್ಲ ಕೆಟ್ಟವಲ್ಲ, ದಾಟದವೆಲ್ಲ ಗಟ್ಟಿಯಲ್ಲ. ಹತ್ತು ವರ್ಷದಿಂದ ಎಥಿಲೀನ್ 300ರಲ್ಲೇ ನಿಂತ ಟ್ರಾನ್ಸ್‌ಫಾರ್ಮರಿಗಿಂತ, ಎರಡು ತಿಂಗಳಲ್ಲಿ 20ರಿಂದ 120ಕ್ಕೆ ಹೋದದ್ದರ ಮೇಲೆ ಕಣ್ಣಿಡಬೇಕು.

ಪಿಪಿಎಂ ಏರಿಕೆಯನ್ನು ದಿನಕ್ಕೆ ಎಷ್ಟು ಮಿಲಿಲೀಟರ್ ಎಂದು ತಿರುಗಿಸಿ. ಏರಿದ ಪಿಪಿಎಂ ಅನ್ನು ಎಣ್ಣೆಯ ಲೀಟರಿನಿಂದ ಗುಣಿಸಿ, 1,000ದಿಂದ ಭಾಗಿಸಿದರೆ ಮಿಲಿಲೀಟರ್. ಅದನ್ನು ನಡುವಿನ ದಿನಗಳಿಂದ ಭಾಗಿಸಿ. ದೊಡ್ಡ ಟ್ಯಾಂಕಿನಲ್ಲಿ ಅದೇ ದೋಷ ಕಡಿಮೆ ಪಿಪಿಎಂ ತೋರಿಸುತ್ತದೆ, ಅದಕ್ಕೇ ಈ ಲೆಕ್ಕ. ಎಣ್ಣೆಯ ಪ್ರಮಾಣ ನೇಮ್‌ಪ್ಲೇಟ್ ಮೇಲೇ ಇರುತ್ತದೆ.

ಮೂರನೆಯ ಪ್ರಶ್ನೆ: ಏನು ದೋಷ

ಯಾವುದಾದರೂ ಒಂದು ಅನಿಲ ಸಾಮಾನ್ಯ ಮಟ್ಟ ದಾಟಿ, ಏರುತ್ತಲೂ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. 3 ಪಿಪಿಎಂ ಅನ್ನು 2 ಪಿಪಿಎಂನಿಂದ ಭಾಗಿಸಿದರೂ ಒಂದು ಉತ್ತರ ಬರುತ್ತದೆ, ಆದರೆ ಅದಕ್ಕೆ ಅರ್ಥವಿಲ್ಲ.

ಐಇಸಿಯ ಮೂರು ಅನುಪಾತಗಳು: ಮೀಥೇನನ್ನು ಹೈಡ್ರೋಜನ್‌ನಿಂದ, ಎಥಿಲೀನನ್ನು ಈಥೇನ್‌ನಿಂದ, ಅಸಿಟಿಲೀನನ್ನು ಎಥಿಲೀನ್‌ನಿಂದ ಭಾಗಿಸುವುದು. ಮೊದಲು ಮೀಥೇನ್–ಹೈಡ್ರೋಜನ್ ನೋಡಿ. 1ಕ್ಕಿಂತ ಹೆಚ್ಚಿದ್ದರೆ ಬಿಸಿಯ ದೋಷ, ಕಡಿಮೆ ಇದ್ದರೆ ವಿದ್ಯುತ್ ಡಿಸ್ಚಾರ್ಜಿನ ಕಡೆ ವಾಲುತ್ತದೆ. ಕಡಿಮೆ ಬಿಸಿಯ ದೋಷ (ಮುಂದೆ ಹೇಳುವ ಟಿ1) ಒಂದಕ್ಕೆ ಈ ಗೆರೆಯನ್ನು ಬಿಗಿಯಾಗಿ ಹಿಡಿಯಬೇಡಿ.

ಬಿಸಿಯದಾದರೆ ಎಥಿಲೀನ್–ಈಥೇನ್ ಅನುಪಾತ ಥರ್ಮಾಮೀಟರ್ ಇದ್ದಂತೆ: 1ಕ್ಕಿಂತ ಕಡಿಮೆ ಇದ್ದರೆ 300 ಡಿಗ್ರಿಯ ಕೆಳಗೆ (ಟಿ1), 1ರಿಂದ 4 ಇದ್ದರೆ 300–700 (ಟಿ2), 4ಕ್ಕೆ ಮೇಲಾದರೆ 700 ದಾಟಿದೆ (ಟಿ3). ಟಿ2ರಲ್ಲಿ ಅಸಿಟಿಲೀನ್–ಎಥಿಲೀನ್ 0.1ರ ಕೆಳಗೆ, ಟಿ3ರಲ್ಲಿ 0.2ರ ಕೆಳಗೆ ಇರಬೇಕು.

ವಿದ್ಯುತ್ತಿನದಾದರೆ ಹೀಗೆ. ಪಾರ್ಶಿಯಲ್ ಡಿಸ್ಚಾರ್ಜ್ (ನಿರೋಧಕದಲ್ಲಿ ಆಗುವ ಸಣ್ಣ, ಅರೆಬರೆ ವಿದ್ಯುತ್ ಡಿಸ್ಚಾರ್ಜ್), ಪಿಡಿ: ಮೀಥೇನ್–ಹೈಡ್ರೋಜನ್ 0.1ಕ್ಕೂ ಕಡಿಮೆ, ಎಥಿಲೀನ್–ಈಥೇನ್ 0.2ಕ್ಕೂ ಕಡಿಮೆ. ಕಡಿಮೆ ಶಕ್ತಿಯ ಕಿಡಿ, ಡಿ1: ಅಸಿಟಿಲೀನ್–ಎಥಿಲೀನ್ 1ಕ್ಕಿಂತ ಹೆಚ್ಚು, ಮೀಥೇನ್–ಹೈಡ್ರೋಜನ್ 0.1–0.5, ಎಥಿಲೀನ್–ಈಥೇನ್ 1ಕ್ಕಿಂತ ಹೆಚ್ಚು. ಹೆಚ್ಚು ಶಕ್ತಿಯ ಆರ್ಕ್, ಡಿ2: ಇದೇ ಕ್ರಮದಲ್ಲಿ 0.6–2.5, 0.1–1, 2ಕ್ಕಿಂತ ಹೆಚ್ಚು.

ಕೆಲವು ಸಲ ಅನುಪಾತಗಳು ಯಾವ ಖಾನೆಗೂ ಬೀಳುವುದಿಲ್ಲ. ಆಗ ಡುವಾಲ್ ತ್ರಿಕೋನ. ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರನ್ನೂ ಕೂಡಿಸಿ ಪ್ರತಿಯೊಂದರ ಶೇಕಡಾ ತೆಗೆಯಿರಿ. ಮೀಥೇನ್ 98 ಅಥವಾ ಹೆಚ್ಚಿದ್ದರೆ ಪಿಡಿ. ಅಸಿಟಿಲೀನ್ 4ಕ್ಕಿಂತ ಕಡಿಮೆ ಇದ್ದು ಎಥಿಲೀನ್ 20ರ ಕೆಳಗಿದ್ದರೆ ಟಿ1, 20–50 ಇದ್ದರೆ ಟಿ2. ಅಸಿಟಿಲೀನ್ 15ರ ಕೆಳಗೆ, ಎಥಿಲೀನ್ 50ಕ್ಕೆ ಮೇಲೆ ಇದ್ದರೆ ಟಿ3. ಅಸಿಟಿಲೀನ್ 13 ದಾಟಿ ಎಥಿಲೀನ್ 23ರ ಕೆಳಗಿದ್ದರೆ ಡಿ1. ಎಥಿಲೀನ್ 23–40 ಇದ್ದು ಅಸಿಟಿಲೀನ್ 13 ದಾಟಿದರೆ, ಅಥವಾ ಎಥಿಲೀನ್ 40ಕ್ಕೆ ಮೇಲಿದ್ದು ಅಸಿಟಿಲೀನ್ 29 ದಾಟಿದರೆ ಡಿ2. ಉಳಿದ ಜಾಗ ಬಿಸಿ ಮತ್ತು ಕಿಡಿ ಎರಡೂ ಕೂಡಿದ ಡಿಟಿ. ಈ ತ್ರಿಕೋನದಲ್ಲಿ 'ದೋಷವಿಲ್ಲ' ಎಂಬ ಖಾನೆಯೇ ಇಲ್ಲ ಎನ್ನುವುದನ್ನು ಮರೆಯಬೇಡಿ. ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರಿನ ಅಂಕಿ ಹಾಕಿದರೂ ಯಾವುದೋ ರೋಗದ ಹೆಸರು ಹೇಳುತ್ತದೆ. ಸಸ್ಯಜನ್ಯ ಎಸ್ಟರ್ ಎಣ್ಣೆ ಇದ್ದರೆ ಈ ಗೆರೆಗಳು ಹೊಂದುವುದಿಲ್ಲ, ಅದಕ್ಕೆ ಬೇರೆ ತ್ರಿಕೋನವಿದೆ.

ಒಂದು ಲೆಕ್ಕ ಮಾಡಿ ನೋಡೋಣ

ಸಕ್ಕರೆ ಕಾರ್ಖಾನೆಯೊಂದರ 110/11 ಕೆವಿ ಟ್ರಾನ್ಸ್‌ಫಾರ್ಮರ್, ಎಣ್ಣೆ 14,000 ಲೀಟರ್ ಎಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ಅಕ್ಟೋಬರ್ 20ರಂದು, ಹಂಗಾಮಿಗೆ ಮುಂಚೆ: ಹೈಡ್ರೋಜನ್ 28, ಮೀಥೇನ್ 22, ಈಥೇನ್ 18, ಎಥಿಲೀನ್ 30, ಅಸಿಟಿಲೀನ್ 0, ಮಾನಾಕ್ಸೈಡ್ 310, ಡೈಆಕ್ಸೈಡ್ 2,900. ಜನವರಿ 3ರಂದು: 95, 190, 70, 310, 4, 340, 3,150.

ಹಳೆಯದನ್ನು ಕಳೆದು ಹೊಸದಾಗಿ ಹುಟ್ಟಿದ್ದರ ಮೇಲೆ ಲೆಕ್ಕ ಹಾಕಿ. ಏರಿಕೆ: ಹೈಡ್ರೋಜನ್ 67, ಮೀಥೇನ್ 168, ಈಥೇನ್ 52, ಎಥಿಲೀನ್ 280, ಅಸಿಟಿಲೀನ್ 4. ಮೀಥೇನ್–ಹೈಡ್ರೋಜನ್ 2.5, ಎಥಿಲೀನ್–ಈಥೇನ್ 5.4, ಅಸಿಟಿಲೀನ್–ಎಥಿಲೀನ್ 0.014. ಟಿ3. ತ್ರಿಕೋನದಲ್ಲಿ ಮೀಥೇನ್ ಶೇ. 37, ಎಥಿಲೀನ್ 62, ಅಸಿಟಿಲೀನ್ 1, ಅಲ್ಲೂ ಟಿ3. ಮಾನಾಕ್ಸೈಡ್ ಏರಿದ್ದು 30 ಮಾತ್ರ, ಅಂದರೆ ಕಾಗದಕ್ಕೆ ಇನ್ನೂ ದೊಡ್ಡ ಪೆಟ್ಟು ಬಿದ್ದಂತಿಲ್ಲ. ಎಣ್ಣೆಯಲ್ಲಿ ಬರಿಯ ಲೋಹ 700 ಡಿಗ್ರಿ ದಾಟಿ ಕಾಯುತ್ತಿದೆ.

ಎಥಿಲೀನ್ ಒಂದೇ 3,920 ಮಿಲಿ, 75 ದಿನಕ್ಕೆ ಹಂಚಿದರೆ ದಿನಕ್ಕೆ 52 ಮಿಲಿ. ಆದರೆ ಈ ಸರಾಸರಿ ಮೋಸ ಮಾಡುತ್ತದೆ. ದೋಷ ಹುಟ್ಟಿದ್ದು ಕೊನೆಯ ಹದಿನೈದು ದಿನದಲ್ಲಾದರೆ ನಿಜವಾದ ವೇಗ ಇದರ ಐದು ಪಟ್ಟು. ಅದಕ್ಕೇ ಮಾಡಬೇಕಾದ ಮೊದಲ ಕೆಲಸ ಟ್ರಾನ್ಸ್‌ಫಾರ್ಮರ್ ಬಿಚ್ಚುವುದಲ್ಲ, ಮೂರು ದಿನದೊಳಗೆ ಇನ್ನೊಂದು ಮಾದರಿ, ವಾರಕ್ಕೆ ಮತ್ತೊಂದು.

ಆ ನಡುವೆ ಸಾಧ್ಯವಿದ್ದರೆ ಲೋಡ್ ಅರ್ಧಕ್ಕೆ ಇಳಿಸಿ. ಅನಿಲ ನಿಂತರೆ ದೋಷ ಕರೆಂಟ್ ಹರಿಯುವ ದಾರಿಯಲ್ಲಿದೆ: ಟ್ಯಾಪ್ ಸ್ವಿಚ್ಚಿನ ಕಾಂಟ್ಯಾಕ್ಟ್, ಬುಶಿಂಗ್ ಕೆಳಗಿನ ಲೀಡ್ ಜೋಡಣೆ, ಸಡಿಲ ಬೋಲ್ಟ್. ಎಲ್ಲ ಟ್ಯಾಪ್‌ಗಳಲ್ಲೂ ವೈಂಡಿಂಗ್ ರೆಸಿಸ್ಟೆನ್ಸ್ ಅಳೆದು ಮೂರು ಫೇಸ್ ಹೋಲಿಸಿದರೆ ಸಿಗುತ್ತದೆ. ಲೋಡ್ ಇಳಿಸಿದರೂ ಅನಿಲ ಹುಟ್ಟುತ್ತಲೇ ಇದ್ದರೆ ಕೋರ್ ಕಡೆ ನೋಡಿ. ಕೋರ್ ಎರಡು ಕಡೆ ಅರ್ಥ್ ಆಗಿ ಸುತ್ತು ಕರೆಂಟ್ ಹರಿಯುತ್ತಿರಬಹುದು. ಸಪ್ಲೈ ತೆಗೆದು, ಕೋರ್ ಅರ್ಥ್ ಲಿಂಕ್ ಬಿಚ್ಚಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ಹಾಕಿ.

ಕಾಗದದ ಪ್ರಶ್ನೆ

ಎಣ್ಣೆ ಬದಲಿಸಬಹುದು, ಕಾಗದ ಬದಲಿಸಲಾಗದು. ಮಾನಾಕ್ಸೈಡ್ 1,000 ದಾಟಿ, ಡೈಆಕ್ಸೈಡ್ ಅದರ 3 ಪಟ್ಟಿಗಿಂತ ಕಡಿಮೆ ಇದ್ದರೆ ಕಾಗದ ಕರಕಲಾಗುತ್ತಿರುವ ಶಂಕೆ, ಜೊತೆಗೆ ಬಿಸಿ ಅನಿಲಗಳೂ ಏರಿದ್ದರೆ ಶಂಕೆ ಗಟ್ಟಿ. ಡೈಆಕ್ಸೈಡ್ 10,000 ದಾಟಿ ಅನುಪಾತ 20ಕ್ಕೆ ಮೇಲಿದ್ದರೆ ಕಾಗದ ನಿಧಾನವಾಗಿ ಮುಪ್ಪಾಗುತ್ತಿದೆ. ಫ್ಯಾನ್, ರೇಡಿಯೇಟರ್ ವಾಲ್ವ್, ಓವರ್‌ಲೋಡ್ ನೋಡಿ. ಇವೆರಡು ಅನಿಲ ಎಣ್ಣೆ ಹಳತಾದರೂ ಬರುತ್ತವೆ, ಆದ್ದರಿಂದ ತೀರ್ಪು ಕೊಡುವ ಮುಂಚೆ ಅದೇ ಎಣ್ಣೆಗೆ ಫ್ಯೂರಾನ್ ಪರೀಕ್ಷೆ (ಕಾಗದ ಕೆಟ್ಟಾಗ ಎಣ್ಣೆಗೆ ಸೇರುವ ವಸ್ತುಗಳ ಪರೀಕ್ಷೆ) ಮಾಡಿಸಿ.

ದಾರಿ ತಪ್ಪಿಸುವವು

ಟ್ಯಾಪ್ ಚೇಂಜರ್ ಸೋರಿಕೆ. ಆನ್‌ಲೋಡ್ ಟ್ಯಾಪ್ ಚೇಂಜರಿನ ಡೈವರ್ಟರ್ (ಟ್ಯಾಪ್ ಬದಲಿಸುವ ಸ್ವಿಚ್) ಎಣ್ಣೆಯಲ್ಲಿ ಕಿಡಿ ಹಾರುವುದು ಅದರ ಸಹಜ ಕೆಲಸ. ಅದರ ಸೀಲ್ ಸೋರಿದರೆ, ಅಥವಾ ಎರಡರ ಕನ್ಸರ್ವೇಟರಿಗೆ ಗಾಳಿಯ ಜಾಗ ಒಂದೇ ಆಗಿದ್ದರೆ, ಮುಖ್ಯ ಟ್ಯಾಂಕಿನಲ್ಲಿ ಅಸಿಟಿಲೀನ್ ಕಾಣುತ್ತದೆ. ಅಸಿಟಿಲೀನ್ ಹೈಡ್ರೋಜನ್ನಿನ 2–3 ಪಟ್ಟಿಗಿಂತ ಹೆಚ್ಚಿದ್ದರೆ ಮೊದಲು ಇದನ್ನೇ ಶಂಕಿಸಿ.

ಹೈಡ್ರೋಜನ್ ಒಂದೇ ಏರುವುದು. ಅನುಪಾತ ಹಾಕಿದರೆ ಪಾರ್ಶಿಯಲ್ ಡಿಸ್ಚಾರ್ಜ್ ಎಂದೇ ಬರುತ್ತದೆ. ನೀರು ಮತ್ತು ಜಿಂಕ್ ಲೇಪದ ಕಬ್ಬಿಣ ಸೇರಿದರೂ ಹೈಡ್ರೋಜನ್ ಹುಟ್ಟುತ್ತದೆ. ಎಣ್ಣೆಯ ತೇವಾಂಶ, ಬಿಡಿವಿ (ಎಣ್ಣೆ ತಡೆದುಕೊಳ್ಳುವ ವೋಲ್ಟೇಜ್), ಸಿಲಿಕಾ ಜೆಲ್ ಬಣ್ಣ ನೋಡದೆ ಹೆದರಬೇಡಿ. ಕೆಲವು ಹೊಸ ಎಣ್ಣೆಗಳು 90–120 ಡಿಗ್ರಿಯಲ್ಲೇ ದೋಷವಿಲ್ಲದೆ ಹೈಡ್ರೋಜನ್, ಮೀಥೇನ್, ಈಥೇನ್ ಬಿಡುತ್ತವೆ; ಎಥಿಲೀನ್, ಅಸಿಟಿಲೀನ್ ಜೊತೆಗಿರುವುದಿಲ್ಲ, ಕೆಲವು ತಿಂಗಳಿಗೆ ಏರಿಕೆ ಮಂದವಾಗುತ್ತದೆ.

ಫಿಲ್ಟರೇಶನ್. ವರದಿ ಕೆಟ್ಟು ಬಂದರೆ ಫಿಲ್ಟರ್ ಮಷಿನ್ ತರಿಸುವುದು ನಮ್ಮ ಕಡೆ ರೂಢಿ. ವ್ಯಾಕ್ಯೂಮ್ ಹಾಕಿದರೆ ಅನಿಲ ಹೋಗುತ್ತದೆ, ದೋಷ ಹೋಗುವುದಿಲ್ಲ. ಕಳ್ಳನ ಹೆಜ್ಜೆಗುರುತು ಗುಡಿಸಿದಂತೆ. ಕಾಗದದಲ್ಲಿ ಹೀರಿಕೊಂಡಿದ್ದ ಅನಿಲ ಮುಂದಿನ ವಾರಗಳಲ್ಲಿ ಮೆಲ್ಲಗೆ ಎಣ್ಣೆಗೆ ವಾಪಸು ಬರುವುದರಿಂದ, ಆಗಿನ ಏರಿಕೆ ದೋಷದ್ದೋ ಕಾಗದದ್ದೋ ಗೊತ್ತಾಗದೆ ಇನ್ನಷ್ಟು ಗೊಂದಲ. ಮಾಡಲೇಬೇಕಾದರೆ ಮುಂಚೆ ಎರಡು ಮಾದರಿ ತೆಗೆದಿಟ್ಟುಕೊಳ್ಳಿ. ಮುಗಿದ ಮರುದಿನ, ಮತ್ತೆ ತಿಂಗಳಿಗೊಮ್ಮೆ ತೆಗೆಯಿರಿ.

ಬುಖೋಲ್ಜ್ ರಿಲೇಯಲ್ಲಿ ಅನಿಲ ಸಿಕ್ಕರೆ

ಟ್ಯಾಂಕ್ ಮತ್ತು ಕನ್ಸರ್ವೇಟರ್ ನಡುವಿನ ಪೈಪಿನಲ್ಲಿ ಕೂತು ಅನಿಲ ಹಿಡಿಯುವ ರಿಲೇ ಇದು. ಅಲಾರ್ಮ್ ಬಂದು ಅದರಲ್ಲಿ ಅನಿಲ ಕೂಡಿದ್ದರೆ ಅದನ್ನೂ ಸಿರಿಂಜಿಗೆ ತುಂಬಿ, ಟ್ಯಾಂಕಿನ ಎಣ್ಣೆಯ ಜೊತೆಗೇ ಕಳಿಸಿ. ಕಡ್ಡಿ ಗೀರಿ ಉರಿಯುತ್ತದೆಯೇ ನೋಡುವ ಹಳೆಯ ಪದ್ಧತಿ ಬಿಡಿ; ಹೈಡ್ರೋಜನ್, ಅಸಿಟಿಲೀನ್ ಎರಡೂ ಸಿಡಿಯುವಂಥವು.

ವರದಿ ಬಂದ ಮೇಲೆ ರಿಲೇ ಅನಿಲದ ಪ್ರತಿ ಅಂಕಿಯನ್ನು ಅದರ ಕರಗುವ ಗುಣಾಂಕದಿಂದ ಗುಣಿಸಿ. 50 ಡಿಗ್ರಿಯಲ್ಲಿ ಹೈಡ್ರೋಜನ್ 0.05, ಮಾನಾಕ್ಸೈಡ್ 0.12, ಮೀಥೇನ್ 0.40, ಅಸಿಟಿಲೀನ್ 0.90, ಎಥಿಲೀನ್ 1.40, ಈಥೇನ್ 1.80. ಬಂದ ಉತ್ತರ ಎಣ್ಣೆಯಲ್ಲಿ ನಿಜವಾಗಿ ಕರಗಿರುವುದಕ್ಕೆ ಹತ್ತಿರವಿದ್ದರೆ ಅನಿಲ ಬಹುಕಾಲದಿಂದ ನಿಧಾನವಾಗಿ ಹುಟ್ಟುತ್ತಿದೆ. ರಿಲೇ ಅನಿಲದಲ್ಲಿ ಹೈಡ್ರೋಜನ್ 2,00,000 ಪಿಪಿಎಂ ಇದ್ದರೆ ಗುಣಿಸಿದಾಗ 10,000. ಎಣ್ಣೆಯಲ್ಲಿ ಇರುವುದು 150 ಮಾತ್ರ ಅಂದರೆ, ಎಣ್ಣೆಗೆ ಕರಗಲು ಹೊತ್ತೇ ಸಿಗದಷ್ಟು ಬೇಗ ಅನಿಲ ಮೇಲೆ ಬಂದಿದೆ. ಒಳಗೆ ದೊಡ್ಡ ಆರ್ಕ್ ಆಗಿದೆ, ಎಣ್ಣೆಯ ಅಂಕಿ ಚೆನ್ನಾಗಿದೆಯೆಂದು ಮತ್ತೆ ಚಾರ್ಜ್ ಮಾಡಬಾರದು. ಬರೀ ಆಕ್ಸಿಜನ್, ನೈಟ್ರೋಜನ್ ಇದ್ದರೆ ಅದು ಗಾಳಿ: ಫಿಲ್ಟರೇಶನ್ ಆದಮೇಲೆ ಸರಿಯಾಗಿ ಏರ್ ಬಿಡಿಸಿರಲಿಕ್ಕಿಲ್ಲ, ಇಲ್ಲವೇ ಪಂಪಿನ ಹೀರುವ ಕಡೆಯ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆ.